ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ನಿಲ್ದಾಣದಲ್ಲಿ ಜನ ಸೇರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲೊಂದು ಚೀಲ. ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಇನ್ನಷ್ಟು ಮಂದಿ ಹತ್ತುತ್ತಾರೆ. ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಬೋಗಿಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ ಸಾವಿರಾರು ಜನರಿಗೆ ಬೆಂಗಳೂರಿನ ಕಾರ್ಖಾನೆ, ಕಚೇರಿ, ಕಟ್ಟಡದ ಕೆಲಸಗಳೇ ಇಂದು ಅನ್ನದ ದಾರಿ. ಹೋಗಲು ಎರಡು ಗಂಟೆಗೂ ಹೆಚ್ಚು, ಬರಲು ಅಷ್ಟೇ. ಈ ನಾಲ್ಕೈದು ಗಂಟೆಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೆ ರೈಲು ತಡವಾಗಿ ಗೇಟಿಗೆ ಇಪ್ಪತ್ತು ನಿಮಿಷ ಬಿಟ್ಟು ಮುಟ್ಟಿದರೆ ಅರ್ಧ ದಿನದ ಕೂಲಿಯೇ ಹೋಗುವುದುಂಟು.

ಈ ಹಳಿ ಹಾಕಿದ್ದು ಚಿನ್ನದ ಗಣಿಗಳಿಗಾಗಿ, 1894ರಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಲ್ಲಿಂದ ಮಾರಿಕುಪ್ಪಂಗೆ ಸುಮಾರು ಹದಿನಾರು ಕಿಲೋಮೀಟರ್. ಈ ಹಾದಿಯುದ್ದಕ್ಕೂ ನೂರಕ್ಕೂ ಹೆಚ್ಚು ವರ್ಷಗಳಿಂದ ಕೇಳಿಬರುತ್ತಿರುವ ಪ್ರಶ್ನೆಯೊಂದಿದೆ. ದುಡಿಯುವವನ ಹೊತ್ತನ್ನು ಅಳೆಯುವವರು ಯಾರು? ಅಳತೆ ತಪ್ಪಿದಾಗ ಅದನ್ನು ತಿದ್ದುವವರು ಯಾರು?

ಸಂಬಳದಲ್ಲಿ ಎದ್ದು ಕಾಣುವ ಮೋಸವಾದರೆ ಜನ ಎದ್ದು ಕೇಳುತ್ತಾರೆ. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಹಾಜರಿ, ನಲವತ್ತು ರೂಪಾಯಿ ಎಂಬಂಥ ಸಣ್ಣ ತಪ್ಪುಗಳ ಕಥೆ ಬೇರೆ. ಕೇಳಲು ಸಂಕೋಚ, ಕೇಳದಿದ್ದರೆ ನಷ್ಟ. ಕೋಲಾರ ಜಿಲ್ಲೆಯ ಕಾರ್ಮಿಕ ಚರಿತ್ರೆಯ ಎರಡು ದೊಡ್ಡ ಘಟನೆಗಳ ಹಿಂದೆ ಇರುವುದು ಇಂಥ ಲೆಕ್ಕದ ಪುಸ್ತಕವೇ. ಅವುಗಳಲ್ಲಿ ಒಂದು 1930ರದು, ಇನ್ನೊಂದು 2020ರದು.

ಮೇಸ್ತ್ರಿಯ ಲೆಕ್ಕ

ಐರಿಷ್ ಮೂಲದ ಮಾಜಿ ಸೈನಿಕ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ಹುಡುಕುವ ಹಕ್ಕು ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. ಆಳುಗಳು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯಿಂದ. ಅವರಲ್ಲಿ ಬಹುಪಾಲು ಜನ ದಲಿತರು. ಊರಿನಲ್ಲಿ ಜಮೀನಿಲ್ಲದೆ, ಜಾತಿಯ ಕಟ್ಟುಪಾಡಿನಲ್ಲಿ ನೊಂದು ಬಂದವರು.

ಇವರಲ್ಲಿ ಅನೇಕರಿಗೆ ಕಂಪನಿಯ ಸಂಬಳ ನೇರವಾಗಿ ಕೈಗೆ ಸೇರುತ್ತಿರಲಿಲ್ಲ. ನಡುವೆ ಗುತ್ತಿಗೆದಾರನಿದ್ದ, ಮೇಸ್ತ್ರಿಯಿದ್ದ. ಕಂಪನಿ ಕೆಲಸದ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ಹಣ ಕೊಟ್ಟರೆ, ಮುಂಗಡ ಕೊಟ್ಟು ಆಳುಗಳನ್ನು ಕರೆತಂದವನು ತನ್ನ ಬಾಕಿ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಹಾಜರಿ ಎಷ್ಟು, ಮುಂಗಡ ಎಷ್ಟು ತೀರಿತು ಎಂಬುದೆಲ್ಲ ಅವನ ಪುಸ್ತಕದಲ್ಲಿತ್ತು. ಓದು ಬಾರದ ಕೂಲಿಯವನಿಗೆ ಆ ಪುಸ್ತಕ ತೆರೆದಿಟ್ಟರೂ ಮುಚ್ಚಿಟ್ಟರೂ ಒಂದೇ ಆಗಿತ್ತು.

ಇಂಥ ಕಷ್ಟ ಕೋಲಾರಕ್ಕೆ ಮಾತ್ರ ಬಂದದ್ದಲ್ಲ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕೂಲಿ ಕೊಡುತ್ತಿದ್ದುದು ತೂಕದ ಮೇಲೆ. ತಕ್ಕಡಿ ಮಾಲೀಕರದ್ದು, ಬರೆದುಕೊಳ್ಳುವವನೂ ಮಾಲೀಕರ ಆಳು. ತೂಕದಲ್ಲಿ ಕಡಿತವಾಗುತ್ತಿದೆ ಎಂದು ಕಾರ್ಮಿಕರು ವರ್ಷಗಟ್ಟಲೆ ದೂರಿದ ಮೇಲೆ 1860ರ ಕಾನೂನು ಒಂದು ದಾರಿ ತೋರಿಸಿತು. ತಕ್ಕಡಿಯ ಪಕ್ಕದಲ್ಲಿ ನಿಂತು ತೂಕ ನೋಡಲು ಕಾರ್ಮಿಕರೇ ತಮ್ಮ ಕಡೆಯ ಒಬ್ಬನನ್ನು ನೇಮಿಸಿಕೊಳ್ಳಬಹುದು ಎಂದಿತು. ಮಾಲೀಕರು ಕೆಟ್ಟವರು ಎಂದಾಗಲಿ ಕಾರ್ಮಿಕರು ಸುಳ್ಳು ಹೇಳುತ್ತಾರೆ ಎಂದಾಗಲಿ ಆ ಕಾನೂನು ಹೇಳಲಿಲ್ಲ. ಲೆಕ್ಕವನ್ನು ಒಂದೇ ಕಡೆಯ ಕಣ್ಣು ನೋಡಬಾರದು ಎಂಬುದಷ್ಟೇ ಅದರ ತಿರುಳು.

ಕೋಲಾರದಲ್ಲಿ ಅಂಥ ಎರಡನೆಯ ಕಣ್ಣಿಗೆ ಅವಕಾಶ ಬರಲು ಬಹಳ ಕಾಲ ಹಿಡಿಯಿತು. ಮೈಸೂರು ದೇಶೀಯ ಸಂಸ್ಥಾನವಾಗಿದ್ದರಿಂದ ಬ್ರಿಟಿಷ್ ಇಂಡಿಯಾದ ಕಾನೂನುಗಳು ಇಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಚಿನ್ನದ ಕಳ್ಳತನ ತಡೆಯಲು ಸಂಸ್ಥಾನ 1890ರ ದಶಕದಲ್ಲೇ ವಿಶೇಷ ಕಾನೂನು ತಂದಿತು. ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆ ಸಿಗಲು ಮಾತ್ರ 1940ರ ದಶಕವೇ ಬರಬೇಕಾಯಿತು.

ಹೆಬ್ಬೆಟ್ಟಿನ ಮುಷ್ಕರ

1930ರ ಏಪ್ರಿಲ್‌ನಲ್ಲಿ ಗಣಿ ಕಂಪನಿಗಳು ಕಾರ್ಮಿಕರ ನೋಂದಣಿಗೆ ಹೊಸ ಪದ್ಧತಿ ತಂದವು. ಪ್ರತಿಯೊಬ್ಬನೂ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಕಂಪನಿಯ ದೃಷ್ಟಿಯಲ್ಲಿ ಅದು ಯಾರು ಯಾರೆಂದು ಗುರುತಿಸುವ ಸುಲಭ ಉಪಾಯ. ಒಂದು ಗಣಿಯಿಂದ ತೆಗೆದುಹಾಕಿದವನು ಬೇರೆ ಹೆಸರಿನಲ್ಲಿ ಇನ್ನೊಂದು ಗಣಿಗೆ ಸೇರದಂತೆ ತಡೆಯಬಹುದಿತ್ತು.

ಕಾರ್ಮಿಕರಿಗೆ ಅದು ಕಂಡದ್ದೇ ಬೇರೆ ರೀತಿ. ಹೆಬ್ಬೆಟ್ಟು ಒತ್ತಿಸುವುದು ಕಳ್ಳರಿಂದ, ಪೊಲೀಸ್ ಠಾಣೆಯಲ್ಲಿ. ಇಲ್ಲವೇ ಸಾಲಗಾರರಿಂದ, ಪತ್ರದ ಮೇಲೆ. ತಾವು ಓದಲಾರದ ಕಾಗದಕ್ಕೆ ಬೆರಳು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಊರಿನಲ್ಲಿ ಕಂಡುಬಂದವರು ಅವರು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ಗಣಿಗಳು ಸ್ತಬ್ಧವಾದವು. ಮುಂದೆ ನಿಂತು ಮಾತನಾಡಲು ಮಾನ್ಯತೆ ಪಡೆದ ಸಂಘವೊಂದು ಆಗ ಇರಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರ ಅಧ್ಯಯನದಿಂದಾಗಿ ಈ ಮುಷ್ಕರದ ಕಥೆ ಇಂದಿನ ಓದುಗರಿಗೆ ದೊರೆತಿದೆ.

ಆ ಮುಷ್ಕರ ಕೂಲಿ ಹೆಚ್ಚಿಸಿ ಎಂಬ ಕೂಗಿನಿಂದ ಶುರುವಾಗಲಿಲ್ಲ ಎಂಬುದನ್ನು ಗಮನಿಸಬೇಕು. ತಮ್ಮ ಬಗ್ಗೆ ಬರೆದಿಡುವ ಪುಸ್ತಕದ ಮೇಲೆ ತಮಗೆ ಯಾವ ಹಿಡಿತವೂ ಇಲ್ಲ ಎಂಬ ಆತಂಕ ಅದರ ಬುಡದಲ್ಲಿತ್ತು.

ಹತ್ತು ವರ್ಷಗಳ ನಂತರ ಕಾಲ ಬದಲಾಯಿತು. 1942ರ ಮೈಸೂರು ಕಾರ್ಮಿಕ ಕಾಯ್ದೆಯೊಂದಿಗೆ ಸಂಘಗಳಿಗೆ ನೆಲೆ ಸಿಕ್ಕಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಮುಂದಾಳುಗಳು ಗಣಿ ಕಾರ್ಮಿಕರನ್ನು ಸಂಘಟಿಸಿದರು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಕೆಲಸ ಶುರುವಾಗುವುದು ಎಲ್ಲಿಂದ?

ಗಣಿಯಲ್ಲಿ ಹೊತ್ತಿನ ಲೆಕ್ಕಕ್ಕೆ ಇನ್ನೊಂದು ತೊಡಕಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒಂದೇ ಬಾವಿಯಲ್ಲಿ ನೇರವಾಗಿ ತಳ ಸೇರುವಂತಿರಲಿಲ್ಲ. ತೊಟ್ಟಿಲಿನಂಥ ಪಂಜರದಲ್ಲಿ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಬಾವಿಯಲ್ಲಿ ಮತ್ತೆ ಇಳಿಯಬೇಕಿತ್ತು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲೆ ಬಂದ ಮೇಲೆ ಚಿನ್ನ ಕದ್ದಿರಬಹುದೆಂಬ ಶಂಕೆಯಿಂದ ಮೈ ಶೋಧನೆ. ಹಾಗಾದರೆ ಕೆಲಸ ಶುರುವಾಗುವುದು ಬಂಡೆಗೆ ಬೈರಿಗೆ ಇಟ್ಟ ಕ್ಷಣದಿಂದಲೋ, ಪಂಜರದೊಳಗೆ ಕಾಲಿಟ್ಟ ಕ್ಷಣದಿಂದಲೋ?

ಈ ಪ್ರಶ್ನೆ ಜಗತ್ತಿನ ಗಣಿಗಳನ್ನೆಲ್ಲ ಕಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1931ರಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ ರೂಪಿಸಿದ ಒಡಂಬಡಿಕೆ ಇಳಿಯಲು ಪಂಜರ ಹತ್ತಿದ ಹೊತ್ತಿನಿಂದ ಮರಳಿ ಪಂಜರದಿಂದ ಹೊರಬರುವ ಹೊತ್ತಿನವರೆಗೆ ಲೆಕ್ಕ ಹಿಡಿಯಬೇಕೆಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ ಕಬ್ಬಿಣದ ಅದಿರಿನ ಗಣಿ ಕಾರ್ಮಿಕರ ಮೊಕದ್ದಮೆಯಲ್ಲಿ, ನೆಲದಡಿಯ ಪ್ರಯಾಣವೂ ಕೆಲಸವೇ ಎಂದು ತೀರ್ಪಿತ್ತಿತು. ಇದರ ಬೆನ್ನಿಗೇ ಬಾಕಿ ಕೂಲಿಗಾಗಿ ಸಾಲುಸಾಲಾಗಿ ದಾವೆಗಳು ಬಂದವು. ಉದ್ಯಮಿಗಳು ಗಾಬರಿಗೊಂಡರು. 1947ರಲ್ಲಿ ಅಲ್ಲಿನ ಸಂಸತ್ತು ಹೊಸ ಕಾನೂನು ಮಾಡಿ ಈ ಹಕ್ಕನ್ನು ಬಹುಮಟ್ಟಿಗೆ ಮೊಟಕುಗೊಳಿಸಿತು. ಅದೇ ಕಾನೂನಿನ ಆಧಾರದಲ್ಲಿ 2014ರಲ್ಲಿ, ಗೋದಾಮಿನ ಕೆಲಸಗಾರರು ಪಾಳಿ ಮುಗಿದ ಮೇಲೆ ಶೋಧನೆಯ ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಕೂಲಿ ಇಲ್ಲ ಎಂದು ಅದೇ ಕೋರ್ಟ್ ಹೇಳಿತು.

ನಮ್ಮಲ್ಲಿ 1952ರ ಗಣಿ ಕಾಯ್ದೆ ಭೂಗರ್ಭದ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಪಾಳಿಯ ಒಟ್ಟು ಅವಧಿ ದಿನದ ಮಿತಿಯನ್ನು ಮೀರಿ ಹರಡಬಾರದು, ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ನಮೂದಾದ ಅವಧಿಯ ಹೊರತು ಯಾರೂ ನೆಲದಡಿ ಇರಕೂಡದು ಎಂಬುದು ಅದರ ಕಟ್ಟಳೆ. ಹಾಗಾಗಿ ಹಾಜರಿ ಪುಸ್ತಕಕ್ಕೆ ಎರಡು ಉಪಯೋಗ. ಅದು ಕೂಲಿಯ ಲೆಕ್ಕ, ಜೊತೆಗೆ ಪ್ರಾಣದ ಲೆಕ್ಕ. ಗಣಿಯೊಳಗೆ ಬಂಡೆ ಸಿಡಿದಾಗ ಕೆಳಗೆ ಎಷ್ಟು ಜನರಿದ್ದಾರೆ ಎಂದು ತಿಳಿಯುವುದೂ ಹಾಜರಿಯಿಂದಲೇ. ಒಂದು ಹೆಸರು ಬಿಟ್ಟುಹೋದರೆ ಅದು ಗುಮಾಸ್ತನ ಕೈತಪ್ಪು ಎಂದು ಸುಮ್ಮನಾಗುವಂತಿರಲಿಲ್ಲ.

ಆಣೆ, ಪೈಸೆ, ದಂಡ

ಸಂಬಳದ ಸಣ್ಣ ಕಡಿತಗಳಿಗೆ ಲಗಾಮು ಹಾಕಿದ ಮೊದಲ ದೊಡ್ಡ ಕಾನೂನು 1936ರ ವೇತನ ಪಾವತಿ ಕಾಯ್ದೆ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗ ದೇಶದ ಕಾರ್ಮಿಕರ ಸ್ಥಿತಿಗತಿ ನೋಡಿ ಕೊಟ್ಟ ವರದಿಯ ಫಲ ಅದು. ಸ್ವಾತಂತ್ರ್ಯಾನಂತರ ಮೈಸೂರು ಭಾರತದೊಂದಿಗೆ ಒಂದಾದ ಮೇಲೆ ಇಂಥ ಕೇಂದ್ರ ಕಾನೂನುಗಳು ಇಲ್ಲಿಗೂ ಬಂದವು.

ಆ ಕಾಯ್ದೆ ಹೇಳಿದ್ದು ತೀರಾ ಸರಳ ಸಂಗತಿಗಳನ್ನು. ಸಂಬಳದ ಅವಧಿ ಒಂದು ತಿಂಗಳಿಗಿಂತ ಹೆಚ್ಚಿರಕೂಡದು. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ 7 ದಿನದೊಳಗೆ, ಉಳಿದೆಡೆ 10 ದಿನದೊಳಗೆ ಕೊಡಬೇಕು. ದಂಡಕ್ಕೆ ಮಿತಿ ಇರಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು, ವಸೂಲಾದ ದಂಡವನ್ನು ಕಾರ್ಮಿಕರ ಹಿತಕ್ಕೇ ಬಳಸಬೇಕು. ಗೈರುಹಾಜರಿಗೆ ಹಿಡಿಯುವ ಕೂಲಿ ಗೈರಾದ ಹೊತ್ತಿನ ಪ್ರಮಾಣವನ್ನು ಮೀರಬಾರದು. ಎಂದರೆ ಇಪ್ಪತ್ತು ನಿಮಿಷ ತಡವಾದರೆ ಇಪ್ಪತ್ತು ನಿಮಿಷದ್ದನ್ನಷ್ಟೇ ಹಿಡಿಯಬಹುದು, ಅರ್ಧ ದಿನದ್ದನ್ನಲ್ಲ. ಇದಕ್ಕೊಂದು ಅಪವಾದವೂ ಇತ್ತು. ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ ನೋಟಿಸ್ ಇಲ್ಲದೆ ಗೈರಾದರೆ ಎಂಟು ದಿನಗಳ ಕೂಲಿಯವರೆಗೂ ಹಿಡಿಯಲು ಅವಕಾಶವಿತ್ತು.

ಅನ್ಯಾಯವಾಗಿ ಕೂಲಿ ಹಿಡಿದದ್ದು ರುಜುವಾತಾದರೆ ಹಿಡಿದ ಹಣದ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಆ ಕಾಯ್ದೆಯಲ್ಲಿತ್ತು. ಸಣ್ಣ ಮೊತ್ತಕ್ಕೆ ಯಾರು ಅಲೆದಾಡುತ್ತಾರೆ ಎಂಬ ಧೈರ್ಯವೇ ಸಣ್ಣ ಕಡಿತಗಳಿಗೆ ಆಸರೆ ಎಂಬುದನ್ನು ಕಾನೂನು ಮಾಡಿದವರು ಬಲ್ಲವರಾಗಿದ್ದರು.

ಯಾರ ದುರುದ್ದೇಶವೂ ಇಲ್ಲದೆ ಲೆಕ್ಕ ತಪ್ಪುವುದೂ ಉಂಟು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಒಂದು ಆಣೆ ಎಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಹೀಗಾಗಿ ಪಟ್ಟಿಯಲ್ಲಿ ಒಂದು ಆಣೆಗೆ 6 ಪೈಸೆ, ಮೂರು ಆಣೆಗೆ 19 ಪೈಸೆ ಎಂದಾಯಿತು. ಮೂರು ಆಣೆಯನ್ನು ಒಮ್ಮೆಗೇ ಪಡೆದವನಿಗೆ 19 ಪೈಸೆ, ಒಂದೊಂದಾಗಿ ಮೂರು ಸಲ ಪಡೆದವನಿಗೆ 18. ಗಣಿತದಲ್ಲಿ ಇದಕ್ಕೆ 'ಸುಮಾರು ಮಾಡುವುದು' ಎಂದು ಹೆಸರು. ಸುಮಾರು ಮಾಡಿದ್ದು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನೋಡುತ್ತಿರಬೇಕಷ್ಟೆ.

ಇಂದಿಗೂ ಇಂಥದೊಂದು ಲೆಕ್ಕ ಜೀವಂತವಾಗಿದೆ. ತಿಂಗಳ ಸಂಬಳವನ್ನು ದಿನಗೂಲಿಗೆ ಇಳಿಸುವಾಗ 30ರಿಂದ ಭಾಗಿಸಬೇಕೋ, ವಾರದ ರಜೆ ಕಳೆದು 26ರಿಂದ ಭಾಗಿಸಬೇಕೋ? ತಿಂಗಳಿಗೆ 15,600 ರೂಪಾಯಿ ಸಂಬಳ ಎಂದುಕೊಳ್ಳೋಣ. 30ರಿಂದ ಭಾಗಿಸಿದರೆ ದಿನಕ್ಕೆ 520, 26ರಿಂದ ಭಾಗಿಸಿದರೆ 600. ಒಂದು ದಿನಕ್ಕೆ 80 ರೂಪಾಯಿ ವ್ಯತ್ಯಾಸ. ಗ್ರಾಚ್ಯುಟಿ ಲೆಕ್ಕದಲ್ಲಿ ಈ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ಕೋರ್ಟ್ 26ರ ಲೆಕ್ಕವನ್ನು ಎತ್ತಿಹಿಡಿಯಿತು.

ನರಸಾಪುರದ ಶನಿವಾರ

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರುವರಿ 28ರಂದು ಗಣಿಗಳಿಗೆ ಬೀಗ ಬಿತ್ತು. ಆ ನಂತರ ಅಲ್ಲಿನ ಮಕ್ಕಳು ಮೊಮ್ಮಕ್ಕಳು ರೈಲು ಹಿಡಿದು ಬೆಂಗಳೂರಿಗೆ ಹೊರಟರು. ಕೋಲಾರ ಜಿಲ್ಲೆಯ ಹೆದ್ದಾರಿಯ ಬದಿಯಲ್ಲೇ ಮುಂದೆ ಹೊಸ ಕೈಗಾರಿಕಾ ಪ್ರದೇಶಗಳು ತಲೆಯೆತ್ತಿದವು. ಅವುಗಳಲ್ಲಿ ನರಸಾಪುರವೂ ಒಂದು.

ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆ್ಯಪಲ್‌ನ ಐಫೋನ್‌ಗಳನ್ನು ಜೋಡಿಸುತ್ತಿತ್ತು. 2020ರಲ್ಲಿ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಜನರನ್ನು ಸೇರಿಸಿಕೊಳ್ಳಲಾಯಿತು. ಬಹುಪಾಲು ಜನ ಬಂದದ್ದು ಗುತ್ತಿಗೆ ಸಂಸ್ಥೆಗಳ ಮೂಲಕ. ಅಕ್ಟೋಬರ್‌ನಲ್ಲಿ 12 ಗಂಟೆಗಳ ಪಾಳಿ ಬಂದಿತು. ಹಾಜರಿ ತೆಗೆದುಕೊಳ್ಳುವ ವ್ಯವಸ್ಥೆ ಈ ವೇಗಕ್ಕೆ ಹೊಂದಿಕೊಳ್ಳಲಿಲ್ಲ. ಕೆಲಸಕ್ಕೆ ಬಂದ ದಿನವೂ ಹಾಜರಿ ಬೀಳಲಿಲ್ಲ, ಹೆಚ್ಚುವರಿ ಗಂಟೆಗಳ ಹಣ ಸೇರಲಿಲ್ಲ, ಮಾತು ಕೊಟ್ಟಷ್ಟು ಸಂಬಳ ಖಾತೆಗೆ ಬರಲಿಲ್ಲ ಎಂಬುದು ಕಾರ್ಮಿಕರ ದೂರು. ಕಂಪನಿಯನ್ನು ಕೇಳಿದರೆ ಗುತ್ತಿಗೆ ಸಂಸ್ಥೆಯತ್ತ, ಗುತ್ತಿಗೆ ಸಂಸ್ಥೆಯನ್ನು ಕೇಳಿದರೆ ಕಂಪನಿಯತ್ತ ಬೆರಳು ತೋರುವುದು ಇಂಥ ಕಡೆಗಳಲ್ಲಿ ಹೊಸದೇನಲ್ಲ.

ಡಿಸೆಂಬರ್ 12, ಶನಿವಾರ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಸಿಟ್ಟು ಒಡೆಯಿತು. ಗಾಜು ಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ನಷ್ಟ 437 ಕೋಟಿ ರೂಪಾಯಿ ಎಂದು ಮೊದಲು ದೂರಿನಲ್ಲಿ ಬರೆಸಲಾಗಿತ್ತು. ತೈವಾನಿನ ಷೇರುಪೇಟೆಗೆ ಕಂಪನಿ ಕೊಟ್ಟ ವಿವರಣೆಯಲ್ಲಿ ಅದು ಸುಮಾರು 26ರಿಂದ 52 ಕೋಟಿಗೆ ಇಳಿಯಿತು. ಲೆಕ್ಕ ಅಲ್ಲೂ ತಪ್ಪಿತ್ತು.

ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ನಡೆಸಿ ಹಾಜರಿ ಮತ್ತು ವೇತನ ನಿರ್ವಹಣೆಯಲ್ಲಿ ಲೋಪಗಳನ್ನು ಕಂಡಿತು. ಡಿಸೆಂಬರ್ 19ರಂದು ಆ್ಯಪಲ್, ಕೆಲಸದ ಗಂಟೆಗಳ ಲೆಕ್ಕ ಇಡುವ ಸರಿಯಾದ ಕ್ರಮ ಇಲ್ಲದ್ದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಹೇಳಿ, ತಪ್ಪು ತಿದ್ದುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಕೆಲವರಿಗೆ ಸರಿಯಾಗಿ ಮತ್ತು ಸಕಾಲದಲ್ಲಿ ಸಂಬಳ ಕೊಡಲಿಲ್ಲವೆಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2021ರಲ್ಲಿ ಕಾರ್ಖಾನೆ ಮತ್ತೆ ತೆರೆಯಿತು. 2023ರಲ್ಲಿ ಅದು ಟಾಟಾ ಸಮೂಹದ ಪಾಲಾಯಿತು.

ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಕಲ್ಲೆಸೆದವರ ಜೊತೆಗೆ ದೂರಿಟ್ಟುಕೊಂಡು ಸುಮ್ಮನೆ ನಿಂತಿದ್ದವರೂ ಕಷ್ಟಪಟ್ಟರು. ಆದರೆ 1930ರ ಹೆಬ್ಬೆಟ್ಟಿಗೂ 2020ರ ಬೆರಳಚ್ಚು ಯಂತ್ರಕ್ಕೂ ಇರುವ ನಂಟು ಕಣ್ಣಿಗೆ ಬೀಳದಿರದು. ಅಜ್ಜಂದಿರು ಬೆರಳು ಕೊಡಲು ಒಪ್ಪಲಿಲ್ಲ. ಮೊಮ್ಮಕ್ಕಳ ಕಾಲದಲ್ಲಿ ಹಾಜರಿ ಯಂತ್ರಕ್ಕೆ ಬೆರಳು ಒತ್ತದೆ ಕೆಲಸವೇ ಇಲ್ಲ. ಎರಡೂ ಕಾಲದಲ್ಲಿ ಪುಸ್ತಕ ಮಾತ್ರ ಇನ್ನೊಬ್ಬರದ್ದೇ.

ಪುರಾವೆಯ ಹೊರೆ

ಹಾಗಾದರೆ ತಪ್ಪು ತಿದ್ದುವ ಬಗೆ ಯಾವುದು? ಕಾನೂನಿನ ಉತ್ತರ ನಿಧಾನವಾಗಿ ಬದಲಾಗಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲಿ ಮಡಕೆ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ಮುಖ್ಯವಾದ ಮಾತೊಂದನ್ನು ಹೇಳಿತ್ತು. ಹೊತ್ತಿನ ಲೆಕ್ಕ ಇಡಬೇಕಾದವನು ಮಾಲೀಕ. ಅವನು ಸರಿಯಾಗಿ ಇಡದಿದ್ದರೆ ಅದರ ನಷ್ಟ ಕಾರ್ಮಿಕನಿಗೆ ತಟ್ಟಬಾರದು. ಕಾರ್ಮಿಕ ತಕ್ಕಮಟ್ಟಿಗೆ ನಂಬುವಂಥ ಅಂದಾಜು ಕೊಟ್ಟರೆ ಸಾಕು, ಅದು ತಪ್ಪೆಂದು ತೋರಿಸುವುದು ಮಾಲೀಕನ ಕೆಲಸ.

ನಮ್ಮ ದೇಶದಲ್ಲಿ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಮೇಸ್ತ್ರಿ ಕಾಲದ ಸಮಸ್ಯೆಗೆ ಮದ್ದು ಹುಡುಕಿತು. ಗುತ್ತಿಗೆದಾರ ಕೂಲಿ ಹಂಚುವಾಗ ಮುಖ್ಯ ಮಾಲೀಕನ ಪ್ರತಿನಿಧಿ ಹಾಜರಿರಬೇಕು, ಗುತ್ತಿಗೆದಾರ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕು ಎಂದಿತು. 1936ರ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದ್ದು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಗೈರಿನ ಹೊತ್ತಿಗೆ ತಕ್ಕಷ್ಟೇ ಕಡಿತ ಎಂಬ ಹಳೆಯ ನಿಯಮ ಅದರಲ್ಲೂ ಉಳಿದಿದೆ. ಸಂಬಳದ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಹತ್ತು ಪಟ್ಟಿನ ಪರಿಹಾರದ ಅವಕಾಶ ಮುಂದುವರಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೂಲಿ ಕೊಡಲಿಲ್ಲ ಅಥವಾ ಕಡಿಮೆ ಕೊಟ್ಟರು ಎಂಬ ದೂರು ಬಂದಾಗ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊರೆ ಮಾಲೀಕನ ಮೇಲಿದೆ.

ಕಾನೂನು ಇಷ್ಟು ಹೇಳಿದರೂ ಮೊದಲ ಹೆಜ್ಜೆ ಇಡಬೇಕಾದವನು ದುಡಿಯುವವನೇ. ಹೆಚ್ಚಿನ ತಪ್ಪುಗಳು ಕೋರ್ಟಿನವರೆಗೆ ಹೋಗಬೇಕಾಗಿಯೂ ಇಲ್ಲ. ಚೀಟಿ ಕೈಗೆ ಬಂದ ದಿನವೇ ಹಾಜರಿ, ಹೆಚ್ಚುವರಿ ಗಂಟೆ, ಕಡಿತ ಈ ಮೂರನ್ನು ತನ್ನ ಬರಹದೊಂದಿಗೆ ತಾಳೆ ನೋಡುವುದು, ವ್ಯತ್ಯಾಸ ಕಂಡರೆ ದಿನಾಂಕ ಸಹಿತ ಬರೆದು ಕೇಳುವುದು, ಬರೆದುದರ ಪ್ರತಿ ಇಟ್ಟುಕೊಳ್ಳುವುದು. ಬಾಯಿಮಾತಿನ ದೂರು ಮೇಲ್ವಿಚಾರಕ ಬದಲಾದೊಡನೆ ಮರೆತುಹೋಗುತ್ತದೆ. ಕಾಗದ ಉಳಿಯುತ್ತದೆ. ಲೆಕ್ಕ ಬರೆಯುವವರ ಕಡೆಯೂ ಮಾಡಬೇಕಾದ್ದಿದೆ. ಸಾವಿರ ಜನರ ಪಟ್ಟಿಯಲ್ಲಿ ತಪ್ಪು ಬರುವುದು ಸಹಜ. ಅದನ್ನು ಬೇಗ ಒಪ್ಪಿ ಮುಂದಿನ ಸಂಬಳದವರೆಗೆ ಕಾಯಿಸದೆ ತಿದ್ದಿದರೆ ಅದು ತಪ್ಪಾಗಿಯೇ ಉಳಿಯುತ್ತದೆ. ತಿಂಗಳುಗಟ್ಟಲೆ ಎಳೆದರೆ ಜನ ಅದನ್ನು ಮೋಸವೆಂದು ಓದುತ್ತಾರೆ.

ಸಣ್ಣ ಹೊತ್ತು ಎಷ್ಟು ಸಣ್ಣದು ಎಂಬುದಕ್ಕೆ ಮತ್ತೊಮ್ಮೆ ಅದೇ 15,600 ರೂಪಾಯಿಯ ಸಂಬಳ ನೋಡಬಹುದು. ದಿನಕ್ಕೆ 600 ಎಂದರೆ 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ 75. ಪಾಳಿಗೆ ಮೊದಲು ಕಾಲು ಗಂಟೆ, ಮುಗಿದ ಮೇಲೆ ಕಾಲು ಗಂಟೆ ಲೆಕ್ಕಕ್ಕೆ ಬಾರದೆ ಹೋದರೆ 26 ದಿನಗಳಲ್ಲಿ 13 ಗಂಟೆ. ಹಣದಲ್ಲಿ 975 ರೂಪಾಯಿ. ಹೆಚ್ಚುವರಿ ಗಂಟೆಯ ದುಪ್ಪಟ್ಟು ದರದಲ್ಲಾದರೆ 1,950. ಒಬ್ಬನಿಗೆ ಅದು ಮಗುವಿನ ಶಾಲೆಯ ಶುಲ್ಕವಾದೀತು. ಸಾವಿರ ಜನರಿರುವ ಕಾರ್ಖಾನೆಯಲ್ಲಿ ತಿಂಗಳಿಗೆ ಇಪ್ಪತ್ತು ಲಕ್ಷದ ಹತ್ತಿರ.

ರಾತ್ರಿ ಬಂಗಾರಪೇಟೆ ದಾಟಿದ ರೈಲು ಮಾರಿಕುಪ್ಪಂ ಕಡೆ ತಿರುಗುವಾಗ ಕಿಟಕಿಯಿಂದ ಗಣಿ ಮಣ್ಣಿನ ದಿಬ್ಬಗಳು ಕತ್ತಲಲ್ಲಿ ಗುಡ್ಡಗಳಂತೆ ಕಾಣುತ್ತವೆ. ಆ ಬಂಡೆಯನ್ನು ಕೆಳಗಿನಿಂದ ಮೇಲೆ ತಂದವರ ಹೊತ್ತಿನ ಲೆಕ್ಕವನ್ನು ಬೇರೆಯವರು ಬರೆದರು. ಇಂದು ಅದೇ ರೈಲಿನಲ್ಲಿ ಕೂತವರ ಜೇಬಿನಲ್ಲಿ ಮೊಬೈಲ್ ಇದೆ, ಓದು ಬರಹ ಇದೆ. ಇಳಿಯುವ ಮೊದಲು ಆ ದಿನ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಲು ಒಂದು ನಿಮಿಷ ಸಾಕು.